ಬಿಲ್ ಇದೆ, ಡಬ್ಬವೂ ಇದೆ, ಆದರೆ ರಿಜಿಸ್ಟರ್ ಆಗಿಲ್ಲ

ನಮ್ಮ ಮನೆಯ ಕೀಬೋರ್ಡಿನಲ್ಲಿ ಒಂದು ಕೀ ಅರಚಲು ಶುರು ಮಾಡಿದ್ದು ಶ್ರಾವಣದಲ್ಲಿ. ನಡುವಿನ ಸಪ್ತಕದ ಒಂದೇ ಒಂದು ಬಿಳಿ ಕೀ. ಉಳಿದವನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ ಕೇಳುತ್ತವೆ, ಇದು ಮಾತ್ರ ಎಷ್ಟೇ ನಯವಾಗಿ ಮುಟ್ಟಿದರೂ ಮೀನು ಮಾರ್ಕೆಟ್ಟಿನ ಕೂಗಿನ ಹಾಗೆ ಜೋರಾಗಿ ಹೊಡೆಯುತ್ತದೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಶನಿವಾರದ ಭಜನೆಗೆ ನುಡಿಸುವವಳು ಮಗಳು. ದಾಸರ ಪದ ಹಾಡುತ್ತಾ ಕಣ್ಣು ಮುಚ್ಚಿ ಕೂತವರೆಲ್ಲ ಆ ಸ್ವರ ಬಂದಾಗ ಬೆಚ್ಚಿ ಕಣ್ಣು ಬಿಡುತ್ತಿದ್ದರು. "ಅಪ್ಪಾ, ಇದು ವಾರಂಟಿಯಲ್ಲಿದೆ ಅಲ್ವಾ?" ಅಂದಳು. ಇತ್ತು. ತಂದು ಎಂಟೇ ತಿಂಗಳಾಗಿತ್ತು, 14 ಸಾವಿರ ಚಿಲ್ಲರೆ ಕೊಟ್ಟಿದ್ದೆ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಹದಿನೆಂಟು ನಿಮಿಷ ಒಂದೇ ಪಿಯಾನೊ ತುಣುಕು ತಿರುಗಿ ತಿರುಗಿ ಕೇಳಿದ ಮೇಲೆ ಒಬ್ಬ ಹುಡುಗ ಸಿಕ್ಕಿದ. ಪಾಪ, ವಿನಯದ ಹುಡುಗ. ಸೀರಿಯಲ್ ನಂಬರ್ ಕೇಳಿದ, ಹೇಳಿದೆ. "ಸರ್, ಇದು ನಮ್ಮಲ್ಲಿ ರಿಜಿಸ್ಟರ್ ಆಗಿಲ್ಲ, ಹಾಗಾಗಿ ವಾರಂಟಿ ತೋರಿಸುತ್ತಿಲ್ಲ" ಅಂದ. ಬಿಲ್ ಇದೆ ಅಂದೆ. ಡಬ್ಬವೂ ಇದೆ ಅಂದೆ. "ಅದೆಲ್ಲ ಸರಿ ಸರ್, ಆದರೆ ತಗೊಂಡ 30 ದಿನದೊಳಗೆ ಆನ್‌ಲೈನ್ ರಿಜಿಸ್ಟ್ರೇಷನ್ ಮಾಡಬೇಕಿತ್ತು."

ನಾನು ಮಾಡಿದ್ದೆ. ಮಾಡಲು ಹೋಗಿದ್ದೆ ಅನ್ನುವುದು ಸರಿ. ಡಬ್ಬ ಬಿಚ್ಚಿದ ದಿನವೇ, ಮಗಳು ಅತ್ತ ನುಡಿಸುತ್ತಿದ್ದರೆ ಇತ್ತ ನಾನು ಫೋನ್ ಹಿಡಿದು ಕೂತಿದ್ದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬೇರೆ ಯಾವುದೋ ದೇಶದ ಪುಟ ತೆರೆಯಿತು. ದೇಶ ಬದಲಿಸಿದರೆ ಮಾಡೆಲ್ ಪಟ್ಟಿಯಲ್ಲಿ ನಮ್ಮದೇ ಇಲ್ಲ, ಅದರ ಅಣ್ಣ ತಮ್ಮಂದಿರೆಲ್ಲ ಇದ್ದಾರೆ. ಹತ್ತಿರದ ಹೆಸರನ್ನು ಆರಿಸಿದೆ. ಸೀರಿಯಲ್ ನಂಬರ್ ಕೀಬೋರ್ಡಿನ ಹೊಟ್ಟೆಯ ಕೆಳಗೆ ಇರುವೆ ಸಾಲಿನ ಹಾಗೆ ಬರೆದಿದೆ, ಅದರಲ್ಲಿರುವುದು ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಗೊತ್ತಾಗದೆ ಎರಡನ್ನೂ ಹಾಕಿ ನೋಡಿದೆ. ತಾರೀಖಿನ ಜಾಗದಲ್ಲಿ ಅವರಿಗೆ ತಿಂಗಳು ಮೊದಲು, ದಿನ ಆಮೇಲೆ. ನಾನು 13 ಅಂತ ಹಾಕಿದರೆ ಹದಿಮೂರನೇ ತಿಂಗಳು ಇಲ್ಲ ಅಂತ ಕೆಂಪಾಯಿತು. ಕೊನೆಗೆ ಓಟಿಪಿ. ಬರಲಿಲ್ಲ. ಮತ್ತೆ ಕಳಿಸಿ ಅಂದೆ, ಎರಡು ಒಟ್ಟಿಗೆ ಬಂದವು, ಅಷ್ಟರಲ್ಲಿ ಆ ಪುಟದ ಸಮಯವೇ ಮುಗಿದಿತ್ತು. ಮಗಳು ಆ ಕೆಂಪು ಸಾಲಿನ ಸ್ಕ್ರೀನ್‌ಶಾಟ್ ತೆಗೆದು ಗೆಳತಿಯರಿಗೆ ಕಳಿಸಿ ನಕ್ಕಳು. ಆ ಸ್ಕ್ರೀನ್‌ಶಾಟ್ ಮುಂದೆ ಕೆಲಸಕ್ಕೆ ಬಂತು.

ಸಿಟ್ಟಿನಲ್ಲಿ ಈ ವಿಷಯದ ಹಿಂದೆ ಬಿದ್ದು ಒಂದಷ್ಟು ಓದಿದೆ, ಒಂದಷ್ಟು ಜನರನ್ನು ಕೇಳಿದೆ. ಗೊತ್ತಾದದ್ದರ ತಿರುಳು ಇಷ್ಟು. ದುಡ್ಡು ಕೊಟ್ಟು ಬಿಲ್ ತೆಗೆದುಕೊಂಡಿರಲ್ಲ, ವಾರಂಟಿ ಹುಟ್ಟುವುದು ಆಗಲೇ. ರಿಜಿಸ್ಟ್ರೇಷನ್ ಕಂಪನಿಯ ಅನುಕೂಲಕ್ಕೆ ಇರುವ ಕೆಲಸ. ಆ ಕೆಲಸದ ಹೊರೆಯನ್ನು ನಮ್ಮ ತಲೆಗೆ ಕಟ್ಟಿ, ಆಮೇಲೆ ಅದು ಆಗಿಲ್ಲ ಅನ್ನುವುದನ್ನೇ ನೆಪ ಮಾಡಿ ಬಾಗಿಲು ಹಾಕುತ್ತಾರೆ.

ಹಿಂದೆ ಇದು ಹೀಗಿರಲಿಲ್ಲ. ರೇಡಿಯೊ, ಮಿಕ್ಸರ್ ಕಾಲದ ಡಬ್ಬಗಳಲ್ಲಿ ಒಂದು ದಪ್ಪ ಕಾರ್ಡ್ ಇರುತ್ತಿತ್ತು, ನೆನಪಿದೆಯಾ? ಅಂಗಡಿಯವನು ತಾರೀಖು ಬರೆದು ಸೀಲ್ ಒತ್ತುತ್ತಿದ್ದ, ಅರ್ಧ ಹರಿದು ತಾನಿಟ್ಟುಕೊಂಡು ಅರ್ಧ ನಮಗೆ ಕೊಡುತ್ತಿದ್ದ. ಆ ಸೀಲೇ ಸಾಕ್ಷಿ. ಕೆಟ್ಟರೆ ಅದೇ ಅಂಗಡಿಗೆ ಹೋಗಿ "ಏನಯ್ಯಾ ಇದು" ಅಂತ ಕೇಳಬಹುದಿತ್ತು, ಅವನು ನಾಳೆಯೂ ಅಲ್ಲೇ ಕೂತಿರಬೇಕಾದ ಮನುಷ್ಯ. ಈಗ ಆ ಅಂಗಡಿಯವನು ನಡುವಿನಿಂದ ಮಾಯವಾಗಿದ್ದಾನೆ. ಮಾರಿದವನು ಎಲ್ಲೋ ಭಿವಂಡಿಯ ಗೋಡೌನಿನಲ್ಲಿ, ಆಮದು ಮಾಡಿದವನು ಇನ್ನೆಲ್ಲೋ, ತಯಾರಿಸಿದವನು ಸಮುದ್ರದಾಚೆ, ರಿಪೇರಿ ಮಾಡುವವನು ಗುತ್ತಿಗೆಯ ಮೇಲೆ. ಇಷ್ಟು ಜನರ ನಡುವೆ "ಈ ವಸ್ತುವನ್ನು ನಾನು ಇಂಥ ದಿನ ತಗೊಂಡೆ" ಅಂತ ಸಾಬೀತು ಮಾಡುವ ಕೆಲಸ ನಮಗೆ ಬಂದು ಬಿತ್ತು.

ಕಂಪನಿಗಳಿಗೆ ರಿಜಿಸ್ಟ್ರೇಷನ್ ಬೇಕಿರುವುದಕ್ಕೆ ಒಳ್ಳೆಯ ಕಾರಣಗಳೂ ಇವೆ, ಇಲ್ಲ ಅನ್ನುವುದಿಲ್ಲ. ಯಾವುದೋ ಒಂದು ಬ್ಯಾಚಿನ ಅಡಾಪ್ಟರ್ ಬಿಸಿಯಾಗಿ ಸುಡುತ್ತಿದೆ ಅಂತ ಗೊತ್ತಾದರೆ ಕೊಂಡವರನ್ನು ಹುಡುಕಿ ವಾಪಸ್ ಪಡೆಯಲು ಅದು ಬೇಕು. ನಕಲಿ ಮಾಲು, ಕಳ್ಳದಾರಿಯ ಮಾಲು ಬೇರೆ ಮಾಡಲೂ ಬೇಕು. ಆದರೆ ಆ ಫಾರಂ ಒಮ್ಮೆ ನೋಡಿ. ನಿಮ್ಮ ವಯಸ್ಸು ಎಷ್ಟು, ಯಾವ ಬಗೆಯ ಸಂಗೀತ ಇಷ್ಟ, ಮನೆಯಲ್ಲಿ ಇನ್ಯಾರು ನುಡಿಸುತ್ತಾರೆ, ಮುಂದೆ ಏನು ಕೊಳ್ಳುವ ಆಸೆ. ಅರಚುವ ಕೀ ಸರಿ ಮಾಡಲು ನನ್ನ ಹುಟ್ಟುಹಬ್ಬ ಯಾಕೆ ಬೇಕು?

ಅಮೆರಿಕದಲ್ಲಿ ಈ ಜಗಳ ಹಳೆಯದು. ಅಲ್ಲಿ 1975ರಲ್ಲೇ ವಾರಂಟಿಗೆಂದೇ ಮ್ಯಾಗ್ನೂಸನ್ ಮಾಸ್ ಅನ್ನುವ ಕಾನೂನು ಬಂತು. ಕ್ಯಾಲಿಫೋರ್ನಿಯಾದಲ್ಲಂತೂ ಕಂಪನಿ ರಿಜಿಸ್ಟ್ರೇಷನ್ ಕಾರ್ಡ್ ಕೊಟ್ಟರೆ, ಇದನ್ನು ತುಂಬಿ ಕಳಿಸದಿದ್ದರೂ ನಿಮ್ಮ ವಾರಂಟಿ ಹಕ್ಕು ಕಮ್ಮಿಯಾಗುವುದಿಲ್ಲ ಅಂತ ತಿಳಿಸಲೇಬೇಕು. ನಮ್ಮ ಕಾನೂನಿನಲ್ಲಿ ಇಷ್ಟು ನೇರವಾದ ಸಾಲು ಇಲ್ಲ. ಆದರೆ ಕೈ ಖಾಲಿಯೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿಯಾದದ್ದು, ಅನ್ಯಾಯದ ಕರಾರು ಅನ್ನುವ ಹೊಸ ಮಾತನ್ನು ತಂದಿದೆ. ಗ್ರಾಹಕನ ಹಕ್ಕನ್ನು ತೀರಾ ಬದಲಿಸುವ, ಅವನ ಮೇಲೆ ಕಾರಣವಿಲ್ಲದೆ ಹೊರೆ ಹಾಕುವ ಷರತ್ತುಗಳನ್ನು ಪ್ರಶ್ನಿಸಬಹುದು. ಒಂದು ತೊಡಕು ಇದೆ. ಕರಾರೇ ಅನ್ಯಾಯದ್ದು ಅನ್ನುವ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಹಾಗಾಗಿ ನಮ್ಮಂಥವರು ಹಿಡಿಯಬೇಕಾದ ದಾರಿ ಇನ್ನೂ ಸರಳ: ವಸ್ತುವಿನಲ್ಲಿ ದೋಷ ಇದೆ, ಬಿಲ್ ಇದೆ, ವಾರಂಟಿ ಕಾಲದೊಳಗೆ ಇದೆ, ರಿಪೇರಿ ಮಾಡಿಕೊಡುತ್ತಿಲ್ಲ. ಇಷ್ಟು ಹೇಳಿದರೆ ಸಾಕು. ಇದು ಜಿಲ್ಲಾ ಆಯೋಗದ ವಿಷಯ.

ಇನ್ನೊಂದು ಪ್ರಶ್ನೆ ನನ್ನನ್ನು ಕಾಡಿದ್ದು: ಆ 30 ದಿನದ ಷರತ್ತು ನನಗೆ ಗೊತ್ತಾದದ್ದು ಯಾವಾಗ? ಡಬ್ಬ ಬಿಚ್ಚಿ, ಕೈಪಿಡಿಯ ಕೊನೆಯ ಪುಟ ಓದಿದ ಮೇಲೆ. ದುಡ್ಡು ಆಗಲೇ ಹೋಗಿತ್ತು. 2020ರ ಇ ಕಾಮರ್ಸ್ ನಿಯಮಗಳ ಪ್ರಕಾರ ವಾರಂಟಿ, ಗ್ಯಾರಂಟಿ, ವಾಪಸಾತಿಯ ವಿವರವನ್ನು ಆನ್‌ಲೈನ್ ಮಾರುಕಟ್ಟೆ ತನ್ನ ತಾಣದಲ್ಲೇ ಎದ್ದು ಕಾಣುವ ಹಾಗೆ ತೋರಿಸಬೇಕು. ನಾನು ಕೊಂಡ ಪುಟದಲ್ಲಿ ಇದ್ದದ್ದು "1 ವರ್ಷ ವಾರಂಟಿ" ಅನ್ನುವ ಎರಡು ಮೂರು ಪದ ಅಷ್ಟೇ. ರಿಜಿಸ್ಟ್ರೇಷನ್ ಅನ್ನುವ ಮಾತೇ ಇರಲಿಲ್ಲ. ಕೊಳ್ಳುವ ಮುಂಚೆ ಹೇಳದ ಷರತ್ತನ್ನು ಕೊಂಡ ಮೇಲೆ ಹೊರಿಸುವುದು ಯಾವ ನ್ಯಾಯ? ಈಗ ನಾನು ಏನೇ ತಗೊಂಡರೂ ಮೊದಲು ಆ ಪುಟದ ಫೋಟೊ ಹಿಡಿದಿಡುತ್ತೇನೆ. ಮನೆಯವಳು ನಗುತ್ತಾಳೆ, ನಗಲಿ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು, ಇಲ್ಲದಿದ್ದರೆ ನನ್ನ ಮಾತು ಕೇಳಿ ನೀವು ಮೋಸ ಹೋಗುತ್ತೀರಿ. ಕೆಲವು ಕಂಪನಿಗಳು ಒಂದು ವರ್ಷ ಹೇಗೂ ಕೊಟ್ಟು, ರಿಜಿಸ್ಟರ್ ಮಾಡಿದರೆ ಇನ್ನಷ್ಟು ಕಾಲ ಸೇರಿಸುತ್ತವೆ. ಅದು ಬೋನಸ್. ಬೋನಸ್ ಬೇಕಿದ್ದರೆ ಅವರು ಹೇಳಿದ ಹಾಗೆ ಮಾಡಲೇಬೇಕು, ಅಲ್ಲಿ ವಾದ ನಡೆಯುವುದು ಕಷ್ಟ. ಹಾಗಾಗಿ ರಿಜಿಸ್ಟರ್ ಮಾಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಮಾಡಿ, ಆದರೆ ಚುಕ್ಕೆ ಗುರುತಿನ ಕಡ್ಡಾಯ ಜಾಗ ಮಾತ್ರ ತುಂಬಿ, ಆಫರ್ ಕಳಿಸಿ ಅನ್ನುವ ಚೌಕದ ಟಿಕ್ ತೆಗೆಯಿರಿ. ನಂಬಿ ಕೊಟ್ಟ ವಿವರವನ್ನು, ಕಾನೂನು ಒಪ್ಪುವ ಸಂದರ್ಭ ಬಿಟ್ಟು, ಬೇರೆಯವರಿಗೆ ಹಂಚುವುದನ್ನು 2019ರ ಕಾಯ್ದೆಯೇ ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ 2023ರ ಮೇ ತಿಂಗಳಲ್ಲಿ ಸೂಚನೆಯನ್ನೂ ಕೊಟ್ಟಿತ್ತು. ಮಾಲ್‌ಗೆ ಹೋಗಿ ನೋಡಿ, ಇವತ್ತಿಗೂ ಮೊದಲ ಪ್ರಶ್ನೆ ಅದೇ.

ಟಿವಿ ಫ್ರಿಜ್‌ಗಳಿಗೂ ಈ ಗೋಳು ಇದೆ. ಆದರೆ ವಾದ್ಯಗಳದ್ದು ಇನ್ನೂ ಒಂದು ತೂಕ ಹೆಚ್ಚು. ಫ್ರಿಜ್ ಕೆಟ್ಟರೆ ಮನೆಗೆ ಜನ ಬರುತ್ತಾರೆ. ಕೀಬೋರ್ಡ್ ಕೆಟ್ಟರೆ ನಾವೇ ಹೊತ್ತುಕೊಂಡು ಹೋಗಬೇಕು. ವಾದ್ಯಗಳ ಮಾರುಕಟ್ಟೆ ಚಿಕ್ಕದು, ಹಾಗಾಗಿ ಸರ್ವೀಸ್ ಸೆಂಟರ್ ಬೆರಳೆಣಿಕೆ, ಬಿಡಿಭಾಗ ಇಲ್ಲಿ ಇಟ್ಟುಕೊಂಡಿರುವುದಿಲ್ಲ. ಮುಂಬೈಯಂಥ ಊರಲ್ಲೇ ಹೀಗಾದರೆ ಹುಬ್ಬಳ್ಳಿ, ಕುಂದಾಪುರದವರ ಕತೆ ಏನು ಅಂತ ಯೋಚಿಸಿ.

ಆ ಅರಚುವ ಕೀಯನ್ನೇ ತಗೊಳ್ಳಿ. ಅದು ಯಾಕೆ ಅರಚುತ್ತದೆ ಅಂತ ನನಗೆ ತಿಳಿಸಿದವರು ಲ್ಯಾಮಿಂಗ್ಟನ್ ರೋಡಿನ ಒಂದು ಗೂಡಂಗಡಿಯ ಗುಜರಾತಿ ಕಾಕಾ. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಆ ಬೀದಿಗೆ ಈಗ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಅಂತ ಹೆಸರಿದೆ, ಆದರೆ ಹಾಗೆ ಕೇಳಿದರೆ ಟ್ಯಾಕ್ಸಿಯವನೂ ತಲೆ ಕೆರೆದುಕೊಳ್ಳುತ್ತಾನೆ. ಕಾಕಾ ಹೇಳಿದ್ದು ಇದು. ಒತ್ತಿದ ಬಿರುಸಿಗೆ ತಕ್ಕ ಹಾಗೆ ದನಿ ಕೊಡುವ ಕೀಬೋರ್ಡಿನಲ್ಲಿ ಪ್ರತಿ ಕೀ ಕೆಳಗೆ ರಬ್ಬರಿನ ಪುಟ್ಟ ಗುಮ್ಮಟ ಇರುತ್ತದೆ, ಅದರೊಳಗೆ ಇಂಗಾಲ ಸವರಿದ ಎರಡು ಬೊಟ್ಟು. ಕೀ ಒತ್ತಿದಾಗ ಒಂದು ಬೊಟ್ಟು ಮೊದಲು ತಾಗುತ್ತದೆ, ಇನ್ನೊಂದು ಒಂದು ಚಿಟಿಕೆ ಆಮೇಲೆ. ಆ ಎರಡರ ನಡುವಿನ ಸಮಯವನ್ನು ಅಳೆದು ಯಂತ್ರ ಒತ್ತಿನ ಬಿರುಸನ್ನು ಲೆಕ್ಕ ಹಾಕುತ್ತದೆ. ಸಮಯ ಜಾಸ್ತಿಯಾದರೆ ಮೆಲ್ಲಗೆ, ಕಮ್ಮಿಯಾದರೆ ಜೋರು. ಮೊದಲ ಬೊಟ್ಟಿನ ಮೇಲೆ ಧೂಳೋ ಮಳೆಗಾಲದ ತೇವವೋ ಕೂತು ಅದು ತಡವಾಗಿ ತಾಗಿದರೆ, ಎರಡೂ ಒಟ್ಟಿಗೇ ತಾಗಿದ ಹಾಗಾಗುತ್ತದೆ. ಯಂತ್ರ ಪಾಪ, ಯಾರೋ ಗುದ್ದಿದರು ಅಂದುಕೊಳ್ಳುತ್ತದೆ. ಬಿಚ್ಚಿ ಸ್ಪಿರಿಟ್ಟಿನಲ್ಲಿ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ತೀರಾ ಸವೆದಿದ್ದರೆ ಆ ರಬ್ಬರ್ ಪಟ್ಟಿ ಬದಲಿಸಬೇಕು.

"400 ರೂಪಾಯಿ, ಅರ್ಧ ಗಂಟೆ, ಚಹಾ ಕುಡಿದು ಬನ್ನಿ" ಅಂದರು ಕಾಕಾ. ಆಮೇಲೆ ಕೀಬೋರ್ಡಿನ ಬೆನ್ನು ತಿರುಗಿಸಿ ಒಂದು ಸ್ಕ್ರೂ ಮೇಲೆ ಅಂಟಿಸಿದ್ದ ಬೆಳ್ಳಿ ಬಣ್ಣದ ಸ್ಟಿಕ್ಕರ್ ತೋರಿಸಿದರು. ಇದನ್ನು ಹರಿದರೆ ವಾರಂಟಿ ರದ್ದು ಅಂತ ಬರೆದಿತ್ತು. ಅಂದರೆ, ರಿಪೇರಿ ಮಾಡಿಕೊಡಲು ಕಂಪನಿ ಒಪ್ಪುತ್ತಿಲ್ಲ, ಬೇರೆಯವರು ಮಾಡಿದರೆ ಇರುವ ವಾರಂಟಿಯೂ ಹೋಗುತ್ತದೆ. ನಗಬೇಕೋ ಅಳಬೇಕೋ.

ಇಂಥ ಸ್ಟಿಕ್ಕರ್ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆದಿತ್ತು. ನಮ್ಮಲ್ಲಿ ರಿಪೇರಿಯ ಹಕ್ಕಿನ ಬಗ್ಗೆ 2022ರ ಜುಲೈನಲ್ಲಿ ಸಮಿತಿಯಾಯಿತು, ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನ, ಒಂದು ಪೋರ್ಟಲ್ ಕೂಡ ಶುರುವಾಯಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ಸಾಮಾನು, ವಾಹನ, ಹೀಗೆ ನಾಲ್ಕು ಕ್ಷೇತ್ರ. ಕಂಪನಿಗಳು ಕೈಪಿಡಿ, ಬಿಡಿಭಾಗದ ಬೆಲೆ, ಸರ್ವೀಸ್ ಸೆಂಟರ್ ವಿಳಾಸ ಎಲ್ಲ ಒಂದೇ ಕಡೆ ಇಡಬೇಕು ಅನ್ನುವ ಆಸೆ ಅದು. ಒಳ್ಳೆಯದೇ. ಆದರೆ ವಾದ್ಯಗಳಿಗೆ ಅಂತ ಬೇರೆ ಸಾಲು ಇಲ್ಲ. ನಮ್ಮನ್ನು ಎಲೆಕ್ಟ್ರಾನಿಕ್ಸ್ ಪಂಕ್ತಿಯ ಕೊನೆಯ ಎಲೆಗೆ ಕೂರಿಸಿದ ಹಾಗಿದೆ, ಬಡಿಸುವವರು ಅಲ್ಲಿಗೆ ಬರುವಷ್ಟರಲ್ಲಿ ಸಾರು ಮುಗಿದಿರುತ್ತದೆ.

ಅಡಾಪ್ಟರಿನ ಕತೆ ಬೇರೆ. ಒಂದು ಕೀಬೋರ್ಡಿಗೆ 9 ವೋಲ್ಟ್, ಇನ್ನೊಂದಕ್ಕೆ 12. ಒಂದರಲ್ಲಿ ಪಿನ್ನಿನ ನಡುಭಾಗ ಪ್ಲಸ್, ಇನ್ನೊಂದರಲ್ಲಿ ಮೈನಸ್. ಪಿನ್ ನೋಡಲು ಒಂದೇ ಥರ, ಸಲೀಸಾಗಿ ಕೂರುತ್ತದೆ, ತಪ್ಪು ಹಾಕಿದರೆ ಒಳಗಿನ ಬೋರ್ಡ್ ಸುಟ್ಟುಹೋಗಬಹುದು. ಸುಟ್ಟ ಮೇಲೆ ಅದು ಬಳಕೆದಾರನ ತಪ್ಪು, ವಾರಂಟಿ ಇಲ್ಲ. ಅಡಾಪ್ಟರ್ ಕೆಲವು ಸಲ ಡಬ್ಬದೊಳಗೆ ಬರುವುದೇ ಇಲ್ಲ, ಬಂದರೂ ಅದರ ವಾರಂಟಿ ಬೇರೆ, ಕಮ್ಮಿ. ಮನೆಯಲ್ಲಿ ಎರಡು ವಾದ್ಯ ಇದ್ದರೆ ಅಡಾಪ್ಟರಿಗೆ ಬಣ್ಣದ ದಾರ ಕಟ್ಟಿ. ಇದು ನನ್ನ ಹೆಂಡತಿಯ ಉಪಾಯ, ಕೀರ್ತಿ ಅವಳಿಗೇ.

ಮುಂಬೈಯ ತುಳು ಕನ್ನಡದ ಮನೆಗಳಲ್ಲಿ ಇನ್ನೊಂದು ವಿಶೇಷ ಸಂಕಟ: ಗಲ್ಫ್ ಮಾಲು. ದುಬೈಯ ಭಾವ, ಮಸ್ಕತ್ತಿನ ಚಿಕ್ಕಪ್ಪ ಪ್ರೀತಿಯಿಂದ ತಂದುಕೊಟ್ಟ ಕೀಬೋರ್ಡು. ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಮಾತ್ರ. ಇಲ್ಲಿಯ ಪುಟದಲ್ಲಿ ಅದರ ಸೀರಿಯಲ್ ನಂಬರ್ ಹಾಕಿದರೆ "ತಪ್ಪು ನಂಬರ್" ಅನ್ನುತ್ತದೆ, ತಪ್ಪು ದೇಶ ಅಂತ ಹೇಳುವುದಿಲ್ಲ. ಜನ ವಾರಗಟ್ಟಲೆ ಒದ್ದಾಡುತ್ತಾರೆ. ಭಾವನಿಗೆ ಅಲ್ಲಿಯ ಬಿಲ್ ಕಳಿಸು ಅಂತ ಕೇಳಲು ಸಂಕೋಚ ಬೇರೆ, ಬೆಲೆ ಗೊತ್ತಾಗಿಬಿಡುತ್ತದಲ್ಲ!

ಇದಕ್ಕೆಲ್ಲ ಎದುರಾಗಿ ನಮ್ಮದೇ ಒಂದು ವಾದ್ಯ ನಿಂತಿದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಛೇರಿ ಇರಲಿ, ನಮ್ಮ ಭಜನೆ ಇರಲಿ, ಯಕ್ಷಗಾನದ ಆಟ ಇರಲಿ, ಶ್ರುತಿಗೆ ಈಗ ಎಲೆಕ್ಟ್ರಾನಿಕ್ ಪೆಟ್ಟಿಗೆಯೇ. ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿ ಅದನ್ನೇ ಉದ್ಯಮವಾಗಿ ಬೆಳೆಸಿದರು. ನುಡಿಸುವವನೇ ಮಾಡಿದ ಯಂತ್ರ ಅದು. ನಮ್ಮ ಮಂಡಳಿಯಲ್ಲಿರುವ ಶ್ರುತಿ ಪೆಟ್ಟಿಗೆಗೆ ಇಪ್ಪತ್ತು ವರ್ಷ ದಾಟಿದೆ, ಕಪ್ಪು ಎರಡು ಅನ್ನುವ ಶ್ರುತಿಗೆ ಇಟ್ಟ ಗುಂಡಿಯನ್ನು ಯಾರೂ ತಿರುಗಿಸಿದ್ದೇ ಇಲ್ಲ. ಅದಕ್ಕೆ ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ. ಕೆಟ್ಟಾಗ ಬಿಚ್ಚಿ ನೋಡಬಲ್ಲವರು ಊರಲ್ಲಿ ಇದ್ದಾರೆ.

ಹೊಸ ವಾದ್ಯಗಳು ಹಾಗಲ್ಲ. ಅರ್ಧ ವಾದ್ಯ, ಅರ್ಧ ಸಾಫ್ಟ್‌ವೇರ್. ರಿಜಿಸ್ಟರ್ ಮಾಡದಿದ್ದರೆ ಜೊತೆಗೆ ಬರುವ ದನಿಗಳ ಪ್ಯಾಕ್ ಇಳಿಯುವುದಿಲ್ಲ, ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆಯುವುದಿಲ್ಲ. ಇನ್ನೊಂದು ಸಮಸ್ಯೆ ಹಳೆಯದನ್ನು ಮಾರುವಾಗ ಬರುತ್ತದೆ. ನಮ್ಮ ಪರಿಚಯದ ಹುಡುಗನೊಬ್ಬ, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ನುಡಿಸುವವನು, ಠಾಣೆಯಲ್ಲಿ ಸೆಕೆಂಡ್‌ಹ್ಯಾಂಡ್ ಮಿಡಿ ಕೀಬೋರ್ಡ್ ತಗೊಂಡ. ಸೀರಿಯಲ್ ನಂಬರ್ ಹಾಕಿದರೆ ಇದು ಬೇರೆಯವರ ಖಾತೆಯಲ್ಲಿದೆ ಅಂತ ಬಂತು. ಮಾರಿದವನು ಆ ಇಮೇಲ್ ಮರೆತು ಕೆನಡಾಕ್ಕೆ ಹೋಗಿದ್ದ. ಕೀಬೋರ್ಡ್ ಇವನ ಕೈಯಲ್ಲಿ, ಅದರ ಹೆಸರು ಇನ್ನೊಬ್ಬನ ಖಾತೆಯಲ್ಲಿ. ಮಿಡಿ ಅನ್ನುವ ಏರ್ಪಾಡು ಬಂದದ್ದು 1983ರಲ್ಲಿ. ಬೇರೆ ಬೇರೆ ಕಂಪನಿಯ ವಾದ್ಯಗಳು ಒಂದಕ್ಕೊಂದು ಮಾತಾಡಲಿ ಅಂತ ಪೈಪೋಟಿಯ ಕಂಪನಿಗಳೇ ಕೂತು ಒಪ್ಪಿಕೊಂಡ ಭಾಷೆ. ಆಗಿನ ಐದು ಪಿನ್ನಿನ ವೈರ್ ಇಂದಿಗೂ ಕೆಲಸ ಮಾಡುತ್ತದೆ, ಯಾರ ಖಾತೆ ಅಂತ ಕೇಳುವುದಿಲ್ಲ. ನಲವತ್ತು ವರ್ಷ ಹಳೆಯ ವೈರಿಗೆ ಇರುವ ಸೌಜನ್ಯ ಹೊಸ ಲಾಗಿನ್ ಪುಟಕ್ಕೆ ಇಲ್ಲ.

ಆ ಹುಡುಗನಂಥವರಿಗೆ ಇನ್ನೊಂದು ಮಾತು. ಇದು ವೃತ್ತಿಗೆ ಬಳಸಿದ್ದು, ಹಾಗಾಗಿ ವಾರಂಟಿ ಇಲ್ಲ ಅಂತ ಹೆದರಿಸುವುದುಂಟು. ವಾರಂಟಿಯ ಮಾತು ಬೇರೆ, ಗ್ರಾಹಕನಾಗಿ ನಿಮ್ಮ ಹಕ್ಕು ಬೇರೆ. ವ್ಯಾಪಾರಕ್ಕೆ ಕೊಂಡವನು ಗ್ರಾಹಕ ಅಲ್ಲ ಅನ್ನುವುದು ನಿಜ. ಆದರೆ ಹೊಟ್ಟೆಪಾಡಿಗಾಗಿ, ತಾನೇ ದುಡಿಯಲು ಕೊಂಡದ್ದು ವ್ಯಾಪಾರ ಅನ್ನಿಸಿಕೊಳ್ಳುವುದಿಲ್ಲ ಅಂತ ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ತಾನೇ ನುಡಿಸಿ ಸಂಸಾರ ನಡೆಸುವವನು ಗ್ರಾಹಕನೇ.

ಫೋನಿನ ವಿಷಯಕ್ಕೆ ಬರೋಣ, ಇಲ್ಲಿ ಅಪಾಯ ಜಾಸ್ತಿ. ಕಂಪನಿಗಳು ಫೋನ್ ನಂಬರನ್ನು ಎಷ್ಟು ಬಚ್ಚಿಡುತ್ತವೆ ಅಂದರೆ ಜನ ಬೇಸತ್ತು ಗೂಗಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಮೊದಲು ಸಿಗುವ ನಂಬರ್ ಕಳ್ಳರದ್ದಾಗಿರಬಹುದು. ಅವರು ಮೊದಲ ರಿಂಗಿಗೇ ಎತ್ತುತ್ತಾರೆ, ಅದೇ ಮೊದಲ ಗುರುತು! "ರಿಜಿಸ್ಟ್ರೇಷನ್‌ಗೆ ಹತ್ತು ರೂಪಾಯಿ ಕಟ್ಟಿ" ಅಂತ ಲಿಂಕ್ ಕಳಿಸುತ್ತಾರೆ, ಅಥವಾ ಫೋನಿನ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್ ಹಾಕಿಸುತ್ತಾರೆ. ಹಾಗೇನಾದರೂ ಆದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ. ಸರಿಯಾದ ನಂಬರ್ ಎಲ್ಲಿದೆ ಅಂದರೆ, ಡಬ್ಬದ ಮೇಲೆ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ತಯಾರಕ ಅಥವಾ ಆಮದುದಾರನ ಹೆಸರು ವಿಳಾಸ, ದೂರು ಕೊಡಲು ಫೋನ್, ಇಮೇಲ್ ಎಲ್ಲ ಪ್ಯಾಕಿನ ಮೇಲೆ ಇರಲೇಬೇಕು. ಮುಂಬೈಯ ಒಂದು ಬೆಡ್‌ರೂಮಿನ ಮನೆಯಲ್ಲಿ ಮೀಟರ್ ಉದ್ದದ ಡಬ್ಬ ಎಲ್ಲಿಡುವುದು ಅನ್ನುತ್ತೀರಿ. ನಮ್ಮದು ಅಡುಗೆಮನೆಯ ಮೇಲಿನ ಪೋಟ್‌ಮಾಳಾದಲ್ಲಿ, ಅಂದರೆ ಅಟ್ಟದಲ್ಲಿ, ಹಬ್ಬದ ಪಾತ್ರೆಗಳ ಜೊತೆ ಮಲಗಿದೆ. ನಿಮಗೆ ಜಾಗ ಇಲ್ಲದಿದ್ದರೆ ಆ ಲೇಬಲ್ ಇರುವ ಬದಿಯನ್ನು ಕತ್ತರಿಸಿ ಬಿಲ್ ಜೊತೆ ಇಡಿ.

ನಾನು ಮಾಡಿದ್ದು ಹೀಗೆ. ಮೊದಲು ಫೋನ್ ಮಾಡುವುದನ್ನು ನಿಲ್ಲಿಸಿದೆ. ಫೋನಿನಲ್ಲಿ ಹೇಳಿದ್ದಕ್ಕೆ ನಮ್ಮ ಹತ್ತಿರ ಗುರುತು ಉಳಿಯುವುದಿಲ್ಲ. ಡಬ್ಬದ ಮೇಲಿದ್ದ ಇಮೇಲಿಗೂ, ಮಾರಿದ ತಾಣದ ಕುಂದುಕೊರತೆ ಅಧಿಕಾರಿಗೂ ಒಂದೇ ಪತ್ರ ಬರೆದೆ. ಬಿಲ್, ಸೀರಿಯಲ್ ನಂಬರಿನ ಫೋಟೊ, ಕೀ ಅರಚುವ ಇಪ್ಪತ್ತು ಸೆಕೆಂಡಿನ ವಿಡಿಯೊ, ಮತ್ತು ಮಗಳು ನಗಲು ತೆಗೆದಿದ್ದ ಆ ಕೆಂಪು ಸಾಲಿನ ಸ್ಕ್ರೀನ್‌ಶಾಟ್. ಇ ಕಾಮರ್ಸ್ ನಿಯಮದಂತೆ ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ತಲುಪಿತು ಅಂತ ಎರಡನೇ ದಿನ ಬಂತು. ಆಮೇಲೆ ಮೌನ.

ಹತ್ತು ದಿನ ಕಾದು 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 17 ಭಾಷೆಗಳಲ್ಲಿ ಇದೆ, ಕನ್ನಡವೂ ಸೇರಿ. ಮೂವತ್ತು ವರ್ಷದಿಂದ ಈ ಊರಲ್ಲಿ ಹಿಂದಿ ಮರಾಠಿಯಲ್ಲೇ ಜಗಳ ಆಡಿದವನಿಗೆ ಕನ್ನಡದಲ್ಲಿ ದೂರು ಹೇಳುವ ಸುಖವೇ ಬೇರೆ! ಆದರೆ ಒಂದು ತಿಳಿದಿರಲಿ, 1915 ಕೋರ್ಟಲ್ಲ. ಅದು ಕಂಪನಿಗೆ ದೂರನ್ನು ತಲುಪಿಸಿ ಉತ್ತರ ಕೇಳುತ್ತದೆ, ಆದೇಶ ಮಾಡಲು ಅದಕ್ಕೆ ಅಧಿಕಾರ ಇಲ್ಲ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಯಾಕೆಂದರೆ ಆ ದೂರು ಕಾಲ್ ಸೆಂಟರಿನ ಹುಡುಗನ ಮೇಜಿಗೆ ಹೋಗುವುದಿಲ್ಲ, ಬೇರೆ ಯಾರದೋ ಮೇಜಿಗೆ ಹೋಗುತ್ತದೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ವಕೀಲರೇ ಬೇಕು ಅಂತಲೂ ಇಲ್ಲ. ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಇದು 2019ರ ಕಾಯ್ದೆಯ ದೊಡ್ಡ ಉಪಕಾರ. ಆನ್‌ಲೈನಿನಲ್ಲೂ ಹಾಕಬಹುದು, 2020ರಲ್ಲಿ ಬಂದ ಇ ದಾಖಿಲ್ ಅನ್ನುವ ತಾಣದ ಮೂಲಕ ಆಗುತ್ತಿತ್ತು, 2025ರ ಜನವರಿ 1ರಿಂದ ಇ ಜಾಗೃತಿ ಬಂದಿದೆ. ತೊಂದರೆ ಶುರುವಾಗಿ 2 ವರ್ಷದೊಳಗೆ ಹಾಕಬೇಕು. 3 ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಿದ್ದರೆ 5 ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ. ಆ ಲೆಕ್ಕ ನಂಬಿ ಕಾಯಬೇಡಿ ಅಂತ ನಾನು ಹೇಳುತ್ತೇನೆ. 14 ಸಾವಿರದ ಕೀಬೋರ್ಡಿಗಾಗಿ ರಜೆ ಹಾಕಿ ಓಡಾಡುವವರು ಎಷ್ಟು ಜನ? ಕಂಪನಿಗೂ ಇದು ಗೊತ್ತು, ಅದರ ಧೈರ್ಯವೆಲ್ಲ ಅಲ್ಲೇ ಇರುವುದು. ಒಬ್ಬರೇ ಹೋಗಲು ಅಳುಕು ಇದ್ದರೆ ಈ ಊರಲ್ಲಿ ಕೇಳಲು ಜಾಗ ಇದೆ. ಕನ್ಸ್ಯೂಮರ್ ಗೈಡನ್ಸ್ ಸೊಸೈಟಿ 1966ರಿಂದ ಇದೆ, ಮುಂಬೈ ಗ್ರಾಹಕ ಪಂಚಾಯತ್ 1975ರಿಂದ.

ನನ್ನದು ಅಷ್ಟು ದೂರ ಹೋಗಲಿಲ್ಲ. 1915ಕ್ಕೆ ಹೇಳಿದ ಆರನೇ ದಿನ ಕಂಪನಿಯಿಂದಲೇ ಫೋನ್ ಬಂತು, ಸಾಕಿನಾಕಾದ ಸರ್ವೀಸ್ ಸೆಂಟರಿಗೆ ತನ್ನಿ ಅಂದರು. ಮಧ್ಯಾಹ್ನದ ಲೋಕಲ್ ಟ್ರೈನಿನ ಲಗೇಜ್ ಡಬ್ಬಾ ಹತ್ತಿ, ಮೀನು ಬುಟ್ಟಿಯ ಹೆಂಗಸರ ನಡುವೆ ಕೀಬೋರ್ಡನ್ನು ಮಗುವಿನ ಹಾಗೆ ತಬ್ಬಿಕೊಂಡು ಘಾಟ್ಕೋಪರಿನಲ್ಲಿ ಇಳಿದೆ, ಅಲ್ಲಿಂದ ರಿಕ್ಷಾ. ಮಳೆ ಬೇರೆ. ರಬ್ಬರ್ ಪಟ್ಟಿ ಬದಲಿಸಲು ಅಲ್ಲಿಯ ಹುಡುಗನಿಗೆ ಹಿಡಿದದ್ದು ಇಪ್ಪತ್ತೈದು ನಿಮಿಷ. ಬೆಳ್ಳಿ ಸ್ಟಿಕ್ಕರ್ ಹರಿದ ಮೇಲೆ ಹೊಸದು ಅಂಟಿಸುತ್ತೀರಾ ಅಂದೆ, ಸ್ಟಾಕ್ ಇಲ್ಲ ಅಂದ.

ಹೊರಡುವಾಗ ಕೈಗೆ ಕೊಟ್ಟ ಜಾಬ್ ಶೀಟನ್ನು ರಿಕ್ಷಾದಲ್ಲಿ ಕೂತು ಓದಿದೆ. ರಿಜಿಸ್ಟ್ರೇಷನ್ ಅನ್ನುವ ಜಾಗದಲ್ಲಿ "ಇಲ್ಲ" ಅಂತ ಅಚ್ಚಾಗಿತ್ತು. ಅದರ ಕೆಳಗಿನ ಸಾಲಿನಲ್ಲಿ, ವಾರಂಟಿ ಅನ್ನುವ ಜಾಗದಲ್ಲಿ, "ಇದೆ". ಕಟ್ಟಬೇಕಾದ ಹಣ ಸೊನ್ನೆ.